ನೆರಳಿದ್ದ ಸಾಲು

ಅಮ್ಮ ಕಥೆ ಹೇಳುವುದು ಬೂತಾಯಿ ಕೊಯ್ಯುವಾಗ ಮಾತ್ರ.
ಕೈ ಖಾಲಿಯಿದ್ದರೆ ಬಾಯಿಯೂ ಖಾಲಿ.
ಜೆಪ್ಪುವಿನ ನಮ್ಮ ಹಿತ್ತಿಲಲ್ಲಿ, ಒಗೆಯುವ ಕಲ್ಲಿನ ಪಕ್ಕ
ಮಣೆಗತ್ತಿ ಮುಂದಿಟ್ಟು ಕುಕ್ಕರಗಾಲಲ್ಲಿ ಕೂತು
ಬೆಕ್ಕಿಗೆ ತಗಾಲೊಗ್‌ನಲ್ಲಿ ಬೈದು
ನನಗೆ ಕೊಂಕಣಿಯಲ್ಲಿ ಶುರುಮಾಡುತ್ತಾಳೆ:
ತೊಂಬತ್ತನೇ ಇಸವಿ, ಆಗಸ್ಟು, ಕುವೈತು.

ನಾನು ಬರೆಯುತ್ತಿರುವುದು ಕನ್ನಡದಲ್ಲಿ.
ಅವಳಿಗೆ ಓದಲು ಬರುವ ಕನ್ನಡ ಬಸ್ಸಿನ ಬೋರ್ಡಿನಷ್ಟು:
ಸ್ಟೇಟ್‌ಬ್ಯಾಂಕ್, ಮಂಗಳಾದೇವಿ, ತಲಪಾಡಿ.
ಆ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ಹೆಸರು ಲಿಗಾಯಾ. ಅವಳ ಊರಲ್ಲಿ ಹಾಗೆಂದರೆ ಸಂತೋಷ.
ಓಣಿಯವರ ಬಾಯಲ್ಲಿ ಲಿಗೋರಿಬಾಯಿ.
ಕರೆಂಟು ಬಿಲ್ಲಿನಲ್ಲಿ ಇವತ್ತಿಗೂ ಲಿಂಗಯ್ಯ.

ಬೊಂಬಾಯಿ ಬಸ್ಸಿಳಿದು ಮನೆ ಮುಟ್ಟಿದಾಗ ನಡುರಾತ್ರಿ.
ಸೆರಾಫಿನ್ ಅಜ್ಜಿ ಚಿಮಣಿ ದೀಪ ಎತ್ತಿ ಹಿಡಿದು
ಸೊಸೆಯ ಮುಖ ನೋಡಿದಳು, ಎರಡು ಸಲ.
ಆಮೇಲೆ ಮಗನ ಮುಖ.
ಏನೂ ಕೇಳದೆ ಒಳಹೋಗಿ
ಗಂಜಿಗೆ ಇನ್ನೊಂದು ಪಾವು ಅಕ್ಕಿ ಹಾಕಿದಳು.

ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅಮ್ಮನ ಕೈಸನ್ನೆ: ಉಜ್ಜುವುದು, ನೊರೆ.
ಅಜ್ಜಿ ತೆಂಗಿನ ನಾರು ತಂದಳು. ಅಲ್ಲ.
ಒಲೆಬೂದಿ ತಂದಳು. ಅದೂ ಅಲ್ಲ.
ಸೋತ ಅಮ್ಮ ತನ್ನ ಭಾಷೆಯಲ್ಲೇ ಗೊಣಗಿದಳು: ಸಬೋನ್.
ಅಜ್ಜಿ ಹಗ್ಗ ಬಿಟ್ಟು ನಿಂತಳು. ಸಾಬು?
ಸಬೋನ್!
ಸಾಬು!
ಕೊಡಪಾನ ಬಾವಿಯೊಳಗೆ ದಢಾರನೆ ಬಿತ್ತು.

ಆಮೇಲೆ ಇಬ್ಬರೂ ಮನೆಯೆಲ್ಲ ಸುತ್ತಿದರಂತೆ
ಸಾಮಾನು ಮುಟ್ಟಿ ಮುಟ್ಟಿ, ಪೊಲೀಸರು ಜಪ್ತಿಗೆ ಬಂದ ಹಾಗೆ.
ಮೆಸಾ, ಮೇಜು. ಕಮಿಸಾ, ಕಮೀಸು.
ಯಾರ ಹಡಗಿನಿಂದ ಎರಡು ಕಡಲಿಗೂ
ಚೆಲ್ಲಿದ ಮಾತುಗಳೋ.
ಅತ್ತೆ ಸೊಸೆಯ ಸಂಸಾರಕ್ಕೆ ಅಷ್ಟೇ ಸಾಕಾಯಿತು ಕೆಲವು ತಿಂಗಳು.
ಜಗಳಕ್ಕೆ ಸಾಲಲಿಲ್ಲ. ಜಗಳಕ್ಕೆಂದೇ ಅಮ್ಮ ಕೊಂಕಣಿ ಕಲಿತಳು.

ನಾನು ಒಂದನೇ ಕ್ಲಾಸಿನ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದೆ:
ಕೈ, ಕಾಲು, ಮುಖ.
ಅಡುಗೆಮನೆಯಿಂದ ಓಡಿಬಂದಳು, ಸೌಟು ಸಮೇತ.
ಇನ್ನೊಮ್ಮೆ ಹೇಳು.
ಮುಖ.
ಮುಖ, ಎಂದಳು, ತನ್ನದನ್ನೇ ಮುಟ್ಟಿಕೊಂಡು.
ಅವಳ ಅವ್ವನೂ ಅದಕ್ಕೆ ಹಾಗೆಯೇ ಹೇಳುತ್ತಿದ್ದಳಂತೆ.
ಅನ್ನ ಅವತ್ತು ತಳಹಿಡಿಯಿತು.

ಸಣ್ಣವಳಿದ್ದಾಗ ಅಮ್ಮಾನ್ ಎಂದರೆ
ಅಮ್ಮನ ಊರೆಂದೇ ತಿಳಿದಿದ್ದೆ.
ಅದು ಮರುಭೂಮಿ ದಾಟಿದ ಮೇಲಿನ ಊರು.
ನಾನು ಏಳು ತಿಂಗಳ ಕೂಸು, ಮೈಯೆಲ್ಲ ಜ್ವರ.
ಅಲ್ಲಿ ಎರಡು ಸಾಲು ನಿಂತಿದ್ದವು:
ಒಂದು ಮನಿಲಾಕ್ಕೆ, ಒಂದು ಬೊಂಬಾಯಿಗೆ.

ಅಪ್ಪ ಇದ್ದಷ್ಟು ದಿನ ಹೇಳುತ್ತಿದ್ದ:
ಕೂಸು ನನ್ನ ಹೆಗಲ ಮೇಲೆ, ಮತ್ತೆ ಇವಳು ಎಲ್ಲಿಗೆ ಹೋಗುವುದು?
ಅಮ್ಮ ತಲೆಯೆತ್ತದೆ:
ಕೂಸು ನನ್ನ ಹತ್ತಿರ ಇತ್ತು ಸಿಪ್ರಿಯನ್,
ನಿನ್ನ ಹೆಗಲ ಮೇಲೆ ಇದ್ದದ್ದು ಟೇಪ್‌ರೆಕಾರ್ಡರು.

ಮತ್ತೆ ಯಾಕೆ ಈ ಕಡೆ ಬಂದೆ ಎಂದರೆ:
ಬೊಂಬಾಯಿ ಸಾಲಿಗೆ ನೆರಳಿತ್ತು.
ಇನ್ನೊಂದು ವರ್ಷ ಕೇಳಿದರೆ:
ಆ ಸಾಲಿನಲ್ಲಿ ನೀರು ಹಂಚುತ್ತಿದ್ದರು.
ಒಮ್ಮೆ, ಅಪ್ಪನ ಮೇಲಿನ ಸಿಟ್ಟಿಗೆ: ಬೋರ್ಡು ತಪ್ಪಿ ಓದಿದೆ.

ಇವತ್ತು ದಕ್ಕೆಯಲ್ಲಿ ಬೂತಾಯಿ ಸೋವಿ.
ಬುಟ್ಟಿ ದೊಡ್ಡದು, ಮಾತೂ ಉದ್ದ.
ಮನಿಲಾ ಸಾಲಿನಲ್ಲಿ ನಮ್ಮೂರಿನವಳೊಬ್ಬಳು ಇದ್ದಳು, ಎಂದಳು.
ನನ್ನನ್ನು ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.
ಒಂಬತ್ತು ವರ್ಷ ದುಡಿದ ಕೈ, ಒಂದು ಪೆಟ್ಟಿಗೆ ಇಲ್ಲ ಅದರಲ್ಲಿ.
ಗುರುತಿಲ್ಲದ ಊರಿಗೆ ಬರಿಗೈಲಿ ಹೋಗಬಹುದು ಮಗಾ,
ತವರಿಗೆ ಆಗುವುದಿಲ್ಲ.

ಹಾಗಾದರೆ ನೆರಳು?
ನೆರಳೂ ಇತ್ತು, ಎಂದಳು. ಅದೇನು ಸುಳ್ಳಲ್ಲ.

ಮೊಣಕೈಗೆ ಅಂಟಿದ ಪೊರೆ
ಬಿಸಿಲಿಗೆ ಹೊಳೆದು ಉದುರಿತು.
ಬೆಕ್ಕು ಹತ್ತಿರ ಬಂತು, ಬೈಸಿಕೊಂಡಿತು.
ಎಂತ ನೋಡ್ತಾ ಕೂತಿದ್ದಿ?
ಬಿಂಬುಳಿ ಕೊಯ್ದು ತಾ, ಸಾರಿಗೆ. ಆರು ಸಾಕು.
ನಾನು ಏಳುವಷ್ಟರಲ್ಲಿ,
ಅಲ್ಲ, ಎಂಟು.