ಎಡಗಿವಿಗೆ ಎರಡನೇ ನಂಬರು

ಹೆಸರುಕಾಳಿಗಿಂತ ತುಸು ದಪ್ಪ, ಬ್ಯಾಟರಿ.
ಬೆನ್ನಿನ ಸ್ಟಿಕ್ಕರು ಕಿತ್ತು, ಒಂದು ನಿಮಿಷ ಗಾಳಿಗೆ ಹಿಡಿದು
ಆಮೇಲೆ ಹಾಕಬೇಕಂತೆ.
ಅದೂ ಉಸಿರಾಡ್ತದೆ ಅಜ್ಜಾರೆ, ಅಂದಳು ಆಸ್ಪತ್ರೆಯ ಹುಡುಗಿ.
ಗಾಜಿನ ಕೋಣೆಯೊಳಗೆ ಕೂರಿಸಿ
ಬೀಪ್ ಕೇಳಿದಾಗೆಲ್ಲ ಕೈ ಎತ್ತಿ ಅಂದಿದ್ದಳು.
ಕೇಳದಾಗಲೂ ಎತ್ತಿದೆ, ಎರಡು ಸಲ.
ಹೊರಗೆ ಹಾಲಮ್ಮ ನೋಡುತ್ತಿದ್ದಳಲ್ಲ,
ನಾನು ಪಾಸಾಗಲಿ ಅಂತ.

ದಾವಣಗೆರೆಯ ಮಿಲ್ಲು, ಮಗ್ಗದ ಶೆಡ್ಡು, ಇಪ್ಪತ್ತಾರು ವರ್ಷ.
ಬಾಯಿ ನೋಡಿ ಮಾತು ಹಿಡಿದವರು ನಾವು,
ಬೆರಳಲ್ಲೇ ಬೈದವರು, ಹುಬ್ಬಲ್ಲೇ ಚಹಾ ತರಿಸಿದವರು.
ಮಿಲ್ಲು ನಿಂತ ದಿನ
ಊರೆಲ್ಲ ಸುಮ್ಮನಾಯಿತು ಅಂದುಕೊಂಡೆ.
ಸುಮ್ಮನಾದದ್ದು ಊರಲ್ಲ.

ಮೊದಲು ಹೋದದ್ದು ಗುಬ್ಬಿ.
ಆಮೇಲೆ ಬಳೆ.
ಆಮೇಲೆ ಸ, ಶ, ತ.
ಪದಗಳು ಹಲ್ಲುದುರಿದ ಮುದುಕರಂತೆ ಬರತೊಡಗಿದವು.
ದುಃಖವಾಯಿತೆ? ಇಲ್ಲ. ಹೇಳಬೇಕಾದ್ದು ಅದೇ.
ದನಿ ಹೋಗುವಾಗ ಅದರ ಮೇಲಿನ ಆಸೆಯನ್ನೂ
ಒಯ್ಯುತ್ತದೆ ತನ್ನ ಜೊತೆ,
ಬಾಡಿಗೆ ಮನೆ ಬಿಡುವವರು ಗೋಡೆಯ ಮೊಳೆಯನ್ನೂ
ಕಿತ್ತುಕೊಂಡು ಹೋದ ಹಾಗೆ.
ಅಕ್ಕ ತೀರಿಕೊಂಡ ದಿನ ಹೆಂಗಸರೆಲ್ಲ ಅಳುತ್ತಿದ್ದರು.
ತೆರೆದ ಬಾಯಿಗಳನ್ನು ನೋಡುತ್ತ ನಿಂತಿದ್ದೆ.
ಕಲ್ಲುಮನಸ್ಸಿನವ ಅಂದರಂತೆ.
ಅದನ್ನೂ ಹಾಲಮ್ಮನೇ ಹೇಳಿದಳು ರಾತ್ರಿ,
ಕೂಗಿ.

ಈಗ ಮಿಷನ್ನು.
ಪಿ.ಬಿ. ರೋಡು ದಾಟುವಷ್ಟರಲ್ಲಿ
ಎಲ್ಲವೂ ನುಗ್ಗಿದವು, ಒಂದೇ ಎತ್ತರದಲ್ಲಿ, ಸಾಲು ಹಿಡಿಯದೆ.
ಪ್ಲಾಸ್ಟಿಕ್ ಚೀಲ ಗುಡುಗಿತು.
ಮನೆಯಲ್ಲಿ ಮಂಡಕ್ಕಿ ಕಲಸಿದರೆ ಜಲ್ಲಿ ಸುರಿದ ಸದ್ದು.
ಪಕ್ಕದ ರುಖಿಯಾಳ ಕೂಸು ನಕ್ಕಿತು, ಸ್ಟೀಲ್ ತಟ್ಟೆ ಬಿತ್ತು.
ಎರಡಕ್ಕೂ ಒಂದೇ ಥರ ಬೆಚ್ಚಿದೆ.
ಕೂಸು ನನ್ನ ಮುಖ ನೋಡಿ
ನಗು ನಿಲ್ಲಿಸಿತು.

ದನಿ ತಂದು ಹಾಕೋದಷ್ಟೇ ಇದರ ಕೆಲಸ,
ಯಾವುದಕ್ಕೆ ಹೆದರೋದು, ಯಾವುದಕ್ಕೆ ಕರಗೋದು
ಅದು ನೀವೇ ಕಲೀಬೇಕು, ಅಂದಿದ್ದಳು ಆ ಹುಡುಗಿ.
ಅರವತ್ತಮೂರಕ್ಕೆ ಮತ್ತೆ ಒಂದನೇ ಕ್ಲಾಸು.

ಇರಲಿ. ಹೇಳಹೊರಟದ್ದು ನಿನ್ನ ವಿಷಯ, ಹಾಲಮ್ಮ.
ಒಂಬತ್ತು ವರ್ಷ ನನಗಾಗಿ ಕೂಗಿ ಕೂಗಿ
ನಿನ್ನ ಗಂಟಲು ಅಟ್ಟ ಹತ್ತಿ ಕೂತಿದೆ,
ಏಣಿ ಇಟ್ಟರೂ ಇಳಿಯಲೊಲ್ಲದು.
"ನೀರು ಕಾದೈತಿ" ಅಂದರೆ ಜಗಳ.
"ಗುಳಿಗಿ ನುಂಗಿದ್ರಾ" ಅಂದರೆ ಜಗಳ.
ಕಿವುಡನಾಗಿದ್ದಾಗ ಮುಖ ನೋಡಿ ತಿಳಿಯುತ್ತಿದ್ದೆ;
ಮುಖದಲ್ಲಿ ಜಗಳ ಇರುತ್ತಿರಲಿಲ್ಲ.
ನಿನ್ನೆ ನಾನೂ ಎದುರು ಕೂಗಿದೆ.
ಓಣಿಯವರು ಇಣುಕಿದರು.
ನೀನು ಸೆರಗು ಬಾಯಿಗೊತ್ತಿಕೊಂಡೆ,
ಉಕ್ಕುವ ಪಾತ್ರೆಗೆ ತಟ್ಟೆ ಒತ್ತಿ ಹಿಡಿದ ಹಾಗೆ.

ಗುಂಡಿ ಒತ್ತಿದರೆ ಮೂರು ನಂಬರು.
ಎರಡನೆಯದು ಮಂಡಿಪೇಟೆಯಂಥ ಗದ್ದಲಕ್ಕೆ;
ಸದ್ದನ್ನು ಸೋಸುತ್ತದಂತೆ.
ಅದನ್ನೇ ಹಾಕಿಕೊಂಡು ರಾತ್ರಿಯೆಲ್ಲ ನಿನ್ನೆದುರು ಕೂತಿದ್ದೆ,
ನಿನಗೆ ಹೇಳದೆ. ತಪ್ಪು.

ಇವತ್ತು ನಸುಕಿಗೆ ಕರೆಂಟು ಹೋಯಿತು.
ಫ್ಯಾನು ನಿಂತ ಸೆಖೆಗೆ ಎದ್ದವನು
ಕತ್ತಲಲ್ಲೇ ತಡಕಿ ಮಿಷನ್ನು ಸಿಕ್ಕಿಸಿಕೊಂಡೆ. ಒಂದನೇ ನಂಬರು.
ಬಚ್ಚಲ ಒಲೆಯ ಮುಂದೆ ನೀನು ಕೂತಿದ್ದೆ, ನನಗೆ ಬೆನ್ನು ಮಾಡಿ.
ಹಾಲಿನವನದಿಷ್ಟು, ಕಿರಾಣಿಯದಿಷ್ಟು, ಚೀಟಿಯದಿಷ್ಟು ಅಂತ
ನಿನಗೆ ನೀನೇ, ತುಟಿಯಲ್ಲೇ.

ಅದು. ಆ ದನಿ.
ಮದುವೆಯ ಹೊಸತರಲ್ಲಿ ಕತ್ತಲಾದ ಮೇಲೆ ಮಾತ್ರ ಸಿಗುತ್ತಿದ್ದದ್ದು.
ಅಂಚು ಸವೆದಿದೆ, ನಡುವೆ ಒಂದೆಳೆ ಬಿಟ್ಟಿದೆ.
ನಾನಿಲ್ಲದಾಗ ಅದಕ್ಕೆ
ವಯಸ್ಸಾಗಿದೆ.

"ಏಳುನೂರ ನಲವತ್ತು" ಅಂದೆ ನೀನು.
ಅಕ್ಕನಿಗೆ ಬಾರದ ಕಣ್ಣೀರು ಬಂತು
ಏಳುನೂರ ನಲವತ್ತಕ್ಕೆ.

ಒಲೆಯಲ್ಲಿ ಪುಳ್ಳೆ ಚಟ್ಟೆಂದಿತು. ಬೆಚ್ಚಲಿಲ್ಲ.
ನೀನು ತಿರುಗಿದೆ. ಅದೇ ಅಟ್ಟದ ಮೇಲಿನಿಂದ
"ಯಾಕ ಎದ್ರೀ!" ಅಂತ ಕೂಗಿದೆ.

ಏನಿಲ್ಲ, ನಿನ್ನ ಲೆಕ್ಕ ಮುಗಿಸು.
ಚೀಟಿಗೆ ಎಷ್ಟಂದಿ?