ಎತ್ತರದ ಚಿಲ್ಲರೆ

ಡೆನ್ಮಾರ್ಕಿನ ಈ ಕಡಲಂಚಿನಲ್ಲಿ
ಬೇಸಿಗೆಯೆಂದರೂ ಕೈಗವಸು ಬೇಕು.
ನನ್ನವು ಚರ್ಮದವು, ಅಂಗೈಯಲ್ಲಿ ಕರಿ ಹಿಡಿದವು.
ಮರದ ರೈಲಿನ ಎರಡು ಬೋಗಿಗಳ ನಡುವೆ
ಹತ್ತೊಂಬತ್ತು ವರ್ಷದಿಂದ ನಿಂತಿದ್ದೇನೆ,
ಬ್ರೇಕಿನ ಹಿಡಿಗೆ ಜೋತು.

ಮೊದಲು ಸರಪಳಿ. ಕಟಕಟ, ಕಟಕಟ,
ಹಲ್ಲಿಗೊಂದು ಗೇಣು ಮೇಲೆ.
ಅಗೋ, ಕಡಲಲ್ಲಿ ಬಿಳಿ ರೆಕ್ಕೆ ತಿರುಗಿಸುವ ಕಂಬಗಳಿವೆಯಲ್ಲ,
ಅಲ್ಲಿಯ ಗಾಳಿಯೇ ತಂತಿ ಹಿಡಿದು ಬಂದು
ಮೋಟಾರಿನ ಹೊಟ್ಟೆ ಹೊಕ್ಕು
ಇಪ್ಪತ್ತನಾಲ್ಕು ಜನರನ್ನೂ ಒಂದು ಬೊಂಬೆ ಕರಡಿಯನ್ನೂ
ಹೊತ್ತು ಏರುತ್ತದೆ.

ತುದಿಯಲ್ಲಿ ಒಂದು ಗಳಿಗೆ
ಯಾರಿಗೂ ವಯಸ್ಸಿಲ್ಲ, ಹೆಸರಿಲ್ಲ. ಬರೀ ಎತ್ತರ.
ಇನ್ನೂ ಮುರಿಸದ ದೊಡ್ಡ ನೋಟು.

ಆಮೇಲೆ ಬಿತ್ತು ನೋಡಿ!
ಎತ್ತರವೆಲ್ಲ ವೇಗವಾಗಿ
ಕಣ್ಣೀರು ಕಿವಿಯತ್ತ ಹರಿದು
ಹೊಟ್ಟೆ ಹಿಂದಿನ ದಿಬ್ಬದಲ್ಲೇ ಉಳಿದು
ಮುಂದಿನ ದಿಬ್ಬಕ್ಕೆ ವೇಗ ಮತ್ತೆ ಎತ್ತರವಾಗಿ,
ಆದರೆ ಪೂರಾ ಅಲ್ಲ.
ಒಂದಕ್ಕಿಂತ ಒಂದು ದಿಬ್ಬ ಕುಳ್ಳು, ಗಮನಿಸಿದ್ದೀರಾ?
ದಾರಿಯುದ್ದ ಸುಂಕದವರು:
ಎದುರುಗಾಳಿಗೊಂದಿಷ್ಟು, ಗಾಲಿಯ ಗ್ರೀಸಿಗಿಷ್ಟು,
ಕಿರುಗುಟ್ಟುವ ಪೈನ್ ತೊಲೆಗಳಿಗೊಂದಿಷ್ಟು.
ಕಿರುಚಾಟಕ್ಕೆ ಮಾತ್ರ ಇದರಿಂದ ಕಾಸಿಲ್ಲ;
ಅದು ಬೆಳಗಿನ ರೊಟ್ಟಿ ಬೆಣ್ಣೆಯ ಖಾತೆ.

ಉಳಿದದ್ದೆಲ್ಲ ನನ್ನ ಪಾಲು.
ಹಿಡಿ ಎಳೆಯುತ್ತೇನೆ. ರೈಲು ಉಸ್ಸೆಂದು
ನಿಲ್ದಾಣದ ಹಲಗೆಗೆ ಬಂದು ತಗಲುತ್ತದೆ.

ಮೊನ್ನೆ ಒಬ್ಬ ಹುಡುಗ, ಎಸ್ಕಿಲ್, ಏಳು ವರ್ಷವಿದ್ದೀತು,
ಎಲ್ಲರೂ ಇಳಿದರೂ ತಾನಿಳಿಯದೆ
'ಅಷ್ಟೆತ್ತರ ಎಲ್ಲಿ ಹೋಯ್ತು?' ಅಂದ.
ಅವನಪ್ಪ ನಕ್ಕ. ನನಗೆ ನಗು ಬರಲಿಲ್ಲ.
ಬಗ್ಗಿಸಿ, ಬ್ರೇಕಿನ ಕಬ್ಬಿಣದ ಹತ್ತಿರ
ಮುಟ್ಟಿಸದೆ ಅವನ ಅಂಗೈ ಹಿಡಿಸಿದೆ.
'ಬಿಸಿ!'
'ಇದೇ ಅದು.'
'ಹಾಗಾದರೆ ಇದರಿಂದ ಮತ್ತೆ ಮೇಲೆ ಹೋಗಬಹುದಾ?'

ಕಾಸೊಂದೂ ಕಳೆದಿಲ್ಲ ಮಗೂ,
ಮರಳ ಮೇಲೆ ಚೆಲ್ಲಿದ ಚಿಲ್ಲರೆ ಅಷ್ಟೆ,
ಆಯ್ದು ಆಯ್ದು ಯಾರೂ ಅದನ್ನು
ಮತ್ತೆ ನೋಟು ಮಾಡಿಕೊಡಲಾರರು
ಎನ್ನಬೇಕೆನ್ನುವಷ್ಟರಲ್ಲಿ ಯೋರುನ್ ಗಂಟೆ ಬಾರಿಸಿದಳು.
ಸಾಲು ಒಳನುಗ್ಗಿತು.

ರಾತ್ರಿ ದೀಪ ಆರಿಸಿ ಬೀಗ ಹಾಕುವಾಗ
ಎಲ್ಲಿಂದಲೋ ಮೂರುಕಾಲಿನ ಬೆಕ್ಕೊಂದು ಬಂದು
ಬ್ರೇಕಿಗೆ ಬೆನ್ನು ಒತ್ತಿ ಸುರುಳಿ ಸುತ್ತುತ್ತದೆ.
ಇಡೀ ದಿನ ನಾವು ಹತ್ತಿ ಇಳಿದ ಬೆಟ್ಟ
ಮೆಲ್ಲಗೆ ಅದರ ತುಪ್ಪಳದೊಳಗೆ ಆರುತ್ತಿರುತ್ತದೆ.