ಮುಷ್ಟಿ ಬಿಗಿಯಬೇಡಿ

ಹದಿನಾಲ್ಕು ವರ್ಷದಿಂದ ನಾನು ಹೇಳುತ್ತ ಬಂದದ್ದು ಒಂದೇ ಮಾತು:
ಮುಷ್ಟಿ ಬಿಗಿ ಹಿಡೀರಿ.
ಮಂಡ್ಯದ ಈ ಲ್ಯಾಬಿನ ಮರದ ಕುರ್ಚಿಯಲ್ಲಿ
ಎಷ್ಟು ಮುಷ್ಟಿ ಬಿಗಿದವೋ, ಎಷ್ಟು ನರ ಎದ್ದವೋ
ಲೆಕ್ಕವಿಟ್ಟಿಲ್ಲ.

ಇವತ್ತಿನ ಚೀಟಿ ಬೇರೆ.
ರೆನಿನ್, ಆಲ್ಡೊಸ್ಟಿರೋನ್, ಜೊತೆಗೆ ಪೊಟ್ಯಾಸಿಯಂ.
ವರ್ಷಕ್ಕೆ ಮೂರೋ ನಾಲ್ಕೋ ಸಲ ಬರುವ ಹೆಸರುಗಳು.
ಗೋಡೆಗೆ ಅಂಟಿಸಿದ್ದನ್ನು ಮತ್ತೆ ಓದಿಕೊಂಡೆ:
ಎದ್ದು ಎರಡು ತಾಸು ಓಡಾಡಿರಬೇಕು,
ಆಮೇಲೆ ಹತ್ತು ನಿಮಿಷ ಸುಮ್ಮನೆ ಕೂತಿರಬೇಕು,
ಮುಷ್ಟಿ ಬಿಗಿಯಬಾರದು.

ಹೊಂಬಾಳಮ್ಮ. ಕೀಲಾರ. ನಲವತ್ತೊಂದು.
ಗೆಜ್ಜಲಗೆರೆ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವಳು.
ಐದಕ್ಕೇ ಎದ್ದು, ಹಸು ಕರೆದು, ಡೇರಿಗೆ ಹಾಲು ಹಾಕಿ,
ಬಸ್ಸಿನಲ್ಲಿ ನಿಂತೇ ಬಂದಿದ್ದಾಳೆ.
ಓಡಾಟಕ್ಕೆ ಸಾಕ್ಷಿ ಬೇಡ.

ಕೂತ್ಕಳಿ ಅಂದೆ.
"ಸುಮ್ನೆ?"
ಸುಮ್ನೆ.
ಅದೊಂದು ಅವಳಿಗೆ ಬರುವುದಿಲ್ಲ.
ಸೆರಗಿನ ಅಂಚಿನ ಎಳೆ ಕೀಳುತ್ತ ಕೀಳುತ್ತ
ಎಂಟನೇ ನಿಮಿಷಕ್ಕೆ ಬಾಯಿಬಿಟ್ಟಳು:

"ಒಂಬತ್ತು ವರ್ಸ ಉಪ್ಪು ಬುಡು ಉಪ್ಪು ಬುಡು ಅಂದ್ರು.
ಉಪ್ಸಾರೇ ಬುಟ್ಟೆ ಕನವ್ವ.
ಈಗ ಈ ಹೊಸ ಡಾಕ್ಟ್ರು, ಒಂದು ಗುಳಿಗೆ ನಿಲ್ಸಿ,
ತಿಂಗ್ಳುಗಂಟ ಉಪ್ಪು ಉಣ್ಣಿ ಅಂದವ್ರೆ.
ಉಂಡೆ.
ಅತ್ತೆ ನೋಡ್ತಾ ನಿಂತಿದ್ರು."

ಅತ್ತೆ ಬಂದ ಮೇಲೆ ಉಳಿದದ್ದೂ ಬಂತು.
ಮೂರು ಗುಳಿಗೆಗೂ ನೂರಾಎಂಬತ್ತು ಇಳಿಯದಾಗ
ಮನೆಯವರೆಲ್ಲ ಕೂಡಿ ಕೊಟ್ಟ ತೀರ್ಪು, ಇವಳ ಕೋಪ.
ಸೂಪರ್‌ವೈಸರನದೂ ಅದೇ:
ಈವಮ್ಮಂಗೆ ಬಿಪಿ, ಮಾತಾಡಿಸ್ಬೇಡಿ.
ಚೀಟಿ ದುಡ್ಡು ಕಳೆದುಕೊಂಡು ಬಂದ ರಾತ್ರಿ ಗಂಡ,
"ನಿಂಗೆ ಬಿಪಿ ಏರದೆ, ಮಲಿಕೊ" ಅಂದನಂತೆ.
ಮಲಗಿದಳಂತೆ.

ಸ್ಪಿರಿಟ್ಟಿನ ಹತ್ತಿ ಒರೆಸಿದ್ದೇ ತಡ ಮುಷ್ಟಿ ಹಿಡಿದಳು.
ಬಿಡಿ ಅಂದೆ. ಬಿಟ್ಟಳು. ತಾನಾಗಿ ಮತ್ತೆ ಮುಚ್ಚಿಕೊಂಡಿತು.
ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.
ತೋರುಬೆರಳ ಉಗುರಿನಲ್ಲಿ ಮೆಷೀನಿನ ಸೂಜಿ ಹೊಕ್ಕ
ಹಳೇ ಗುರುತು.
ನನ್ನ ಸೂಜಿಗೆ ಅವಳು ಕಣ್ಣೂ ಮಿಟುಕಿಸಲಿಲ್ಲ.

ಈ ಕೊಳವೆಯನ್ನು ಐಸಿನಲ್ಲಿ ಇಡುವಂತಿಲ್ಲ.
ತಣ್ಣಗೆ ಮಾಡಿದರೆ ನಿದ್ದೆಯಲ್ಲಿರುವ ರೆನಿನ್ನೂ
ಎದ್ದು ಕೂತ ಹಾಗೆ ಕಂಡು ಲೆಕ್ಕ ಸುಳ್ಳಾಗುತ್ತದೆ.
ಕೋಣೆಯ ಬಿಸಿಯಲ್ಲೇ ತಿರುಗಿಸಿ ತಿಳಿ ತೆಗೆದೆ.
ಮಧ್ಯಾಹ್ನ ಅದು ಮೈಸೂರಿಗೆ ಹೋಯಿತು.

ಆರನೇ ದಿನ ಬಂದ ಹಾಳೆಯಲ್ಲಿ
ರೆನಿನ್ ಇದೆಯೋ ಇಲ್ಲವೋ ಅನ್ನುವಷ್ಟು,
ಆಲ್ಡೊಸ್ಟಿರೋನ್ ಮೂವತ್ತೆಂಟು,
ಪೊಟ್ಯಾಸಿಯಂ ಮೂರಕ್ಕೂ ಕೆಳಗೆ.
ಬಿಡಿಸಿ ಹೇಳುವುದು ನನ್ನ ಕೆಲಸವಲ್ಲ.
ಡಾಕ್ಟರು ಹೇಳಿದ್ದು ಬಾಗಿಲಾಚೆಗೆ ಕೇಳಿತು:

ನೋಡಮ್ಮ, ನೀರುಗಂಟಿ ಮಲಗವ್ನೆ,
ತೂಬು ಮಾತ್ರ ತೆಗೆದೇ ಅದೆ.
ಕಿಡ್ನಿ ತಲೆಮೇಲಿನ ಗ್ರಂಥಿ, ಯಾರೂ ಹೇಳ್ದೆ ಕೇಳ್ದೆ,
ಉಪ್ಪು ಹಿಡ್ಕೊ, ಉಪ್ಪು ಹಿಡ್ಕೊ ಅಂತ ಕೂಗ್ತಾ ಕೂತದೆ.
ಇನ್ನೊಂದು ಪರೀಕ್ಷೆ, ಒಂದು ಸ್ಕ್ಯಾನು, ಆಮೇಲೆ ನೋಡೋಣ.
ನಿಮ್ಮ ಕೋಪದಿಂದ ಬಂದಿದ್ದಲ್ಲ ಇದು.

ಹೊರಗೆ ಬಂದವಳು ನನ್ನ ಕಿಟಕಿಗೆ ಒರಗಿ ನಿಂತಳು.
"ಇದ್ರಲ್ಲಿ ಕೋಪದ ನಂಬ್ರ ಇಲ್ವಾ?"
ಇಲ್ಲ.
"ಹಂಗಾರೆ ಅದು ನಂದೇ."

ಹಾಳೆ ಮಡಿಸಿ ಬ್ಲೌಸಿಗೆ ಸೇರಿಸಿಕೊಂಡಳು.
ಆ ಚೀಟಿ ದುಡ್ಡು ಒಟ್ಟು ಎಷ್ಟಾಯ್ತು ಅಂತ
ಇವತ್ತು ಕೇಳಬೇಕು, ಅಂದಳು,
ಬಸ್ಸಿಗೆ ಹೊತ್ತಾಯಿತು ಅನ್ನುವ ದನಿಯಲ್ಲೇ.

ಮುಂದಿನವರು ಆಗಲೇ ತೋಳು ಚಾಚಿ ಕೂತಿದ್ದರು.
ಮುಷ್ಟಿ, ಅಂದವಳು
ಅಲ್ಲಿಗೇ ನಿಲ್ಲಿಸಿ
ಚೀಟಿ ನೋಡಿದೆ.